ಚಿಕ್ಕಮಗಳೂರು–ಹಾಸನದ ಬೆಟ್ಟಗಳಲ್ಲಿ ಸೂರ್ಯಾಸ್ತ: ಯಾವ ತಿಂಗಳಿಗೆ, ಯಾರಿಗೆ, ಯಾವ ಜಾಗ

ಸೂರ್ಯಾಸ್ತಕ್ಕೆಂದು ಹೊರಡುವವರು ಸಾಮಾನ್ಯವಾಗಿ ಎತ್ತರ ನೋಡಿ ಜಾಗ ಆರಿಸುತ್ತಾರೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಚಿಕ್ಕಮಗಳೂರಿನ ಪಕ್ಕದಲ್ಲೇ ಇರುವಾಗ ಅದು ಸಹಜವೇ. ಆದರೆ ಹೊತ್ತು ಮುಳುಗುವುದನ್ನು ನೆಮ್ಮದಿಯಿಂದ ನೋಡಬೇಕಾದರೆ ಎತ್ತರಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರಿವೆ. ಆ ಹೊತ್ತಿನವರೆಗೆ ಅಲ್ಲಿರಲು ಬಿಡುತ್ತಾರೆಯೇ? ಆ ತಿಂಗಳಲ್ಲಿ ಸೂರ್ಯ ಇಳಿಯುವ ದಿಕ್ಕು ಅಲ್ಲಿಂದ ತೆರೆದಿದೆಯೇ? ಕತ್ತಲಾದ ಮೇಲೆ ಇಳಿಯುವ ದಾರಿ ಜೊತೆಗಿರುವವರಿಗೆ ಆಗಿಬರುತ್ತದೆಯೇ? ಇವುಗಳಿಗೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದಂತೆ, ಮತ್ತು ಆ ಉತ್ತರ ಬಹಳ ಸಲ ಮುಳ್ಳಯ್ಯನಗಿರಿ ಆಗಿರುವುದಿಲ್ಲ.

ಮೊದಲು ಗಡಿಯಾರ

ಚಿಕ್ಕಮಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ ನಡುವಿನಿಂದ ಕೊನೆಯವರೆಗೆ, ಸಂಜೆ 5:57ರ ಆಸುಪಾಸು. ಡಿಸೆಂಬರ್ ಕೊನೆಗೆ 6:10, ಜನವರಿ ಮಧ್ಯಕ್ಕೆ 6:18, ಮಾರ್ಚ್ 21ರ ಹೊತ್ತಿಗೆ 6:38. ಜುಲೈ ಮೊದಲ ವಾರದಲ್ಲಿ ಅತಿ ತಡ, 6:57. ಅಲ್ಲಿಂದ ಮತ್ತೆ ಹಿಂದೆ ಸರಿದು ಅಕ್ಟೋಬರ್ ಕೊನೆಗೆ 6:02ಕ್ಕೆ ಬರುತ್ತದೆ. ಹಾಸನದ ಕಡೆ ಇದಕ್ಕಿಂತ ಒಂದೆರಡು ನಿಮಿಷ ಮುಂಚೆ. ಎತ್ತರದ ನೆತ್ತಿಯ ಮೇಲೆ ನಿಂತಾಗ ದಿಗಂತ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಕಾಣುವುದರಿಂದ, ಪಶ್ಚಿಮ ಪೂರ್ತಿ ತೆರೆದಿದ್ದರೆ, ಮುಳ್ಳಯ್ಯನಗಿರಿಯಂಥ ಕಡೆ ಸೂರ್ಯ ಊರಿಗಿಂತ ಸುಮಾರು ಐದು ನಿಮಿಷ ತಡವಾಗಿ ಮುಳುಗುತ್ತಾನೆ.

ದಿಕ್ಕೂ ವರ್ಷವಿಡೀ ಒಂದೇ ಅಲ್ಲ. ನೇರ ಪಶ್ಚಿಮದಲ್ಲಿ ಸೂರ್ಯ ಮುಳುಗುವುದು ಮಾರ್ಚ್ ಮತ್ತು ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಮಾತ್ರ. ಡಿಸೆಂಬರ್‌ನಲ್ಲಿ ಅದಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ಚಳಿಗಾಲಕ್ಕೂ ಮಳೆಗಾಲಕ್ಕೂ ನಡುವೆ ಸೂರ್ಯ ಸುಮಾರು ಐದು ಮುಷ್ಟಿಯಷ್ಟು ಜಾಗ ಬದಲಿಸುತ್ತಾನೆ. ಜೂನ್‌ನಲ್ಲಿ ಯಾರೋ ತೆಗೆದ ಫೋಟೊ ನೋಡಿ ಡಿಸೆಂಬರ್‌ನಲ್ಲಿ ಹೋದರೆ ಸೂರ್ಯ ಪಕ್ಕದ ಗುಡ್ಡದ ಹಿಂದೆ ಮರೆಯಾಗಿರುವುದು ಇದೇ ಕಾರಣಕ್ಕೆ. ಅದೇ ಮುಷ್ಟಿ ಸಮಯಕ್ಕೂ ಅಳತೆ: ದಿಗಂತಕ್ಕೂ ಸೂರ್ಯನಿಗೂ ನಡುವೆ ಒಂದು ಮುಷ್ಟಿ ಹಿಡಿಸಿದರೆ ಮುಳುಗಲು ಸುಮಾರು 40 ನಿಮಿಷ ಉಳಿದಿದೆ. ಅಂಚು ಮುಟ್ಟಿದ ಮೇಲೆ ಬಿಂಬ ಪೂರ್ತಿ ಮರೆಯಾಗಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಆಮೇಲೆ ಟಾರ್ಚ್ ಇಲ್ಲದೆ ನಡೆಯುವಷ್ಟು ಬೆಳಕು ಇರುವುದು ಇಪ್ಪತ್ತು ನಿಮಿಷ.

ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ದತ್ತಪೀಠ

ಚಂದ್ರದ್ರೋಣ ಪರ್ವತ ಸಾಲಿನ ಈ ಮೂರಕ್ಕೂ ಚಿಕ್ಕಮಗಳೂರಿನಿಂದ ಕೈಮರದ ಚೆಕ್‌ಪೋಸ್ಟ್ ಮೂಲಕವೇ ದಾರಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಊರಿನಿಂದ 20 ಕಿಲೋಮೀಟರ್ ಆಸುಪಾಸು. ವಾಹನ ನಿಲ್ಲುವ ಜಾಗದಿಂದ ಮುಳ್ಳಪ್ಪಸ್ವಾಮಿಯ ಗದ್ದುಗೆಯವರೆಗೆ ಸುಮಾರು 500 ಮೆಟ್ಟಿಲು. ಗಟ್ಟಿಮುಟ್ಟಾದವರಿಗೆ 20 ನಿಮಿಷ, ಮಕ್ಕಳು ಅಥವಾ ವಯಸ್ಸಾದವರು ಇದ್ದರೆ 40 ನಿಮಿಷ ಇಟ್ಟುಕೊಳ್ಳಿ. ಮೇಲೆ ಗಾಳಿ ಸ್ವಲ್ಪ ತೆಳು, ಊರಿನಲ್ಲಿ ಏದುಸಿರು ಬಾರದವರಿಗೂ ಇಲ್ಲಿ ಬರುತ್ತದೆ. ಸರ್ಪದಾರಿಯಿಂದ ಚಾರಣ ಮಾಡುವವರೂ ಇದ್ದಾರೆ. ಹತ್ತಲು ಅದು ಚೆಂದ, ಕತ್ತಲಲ್ಲಿ ಇಳಿಯಲು ಖಂಡಿತ ಬೇಡ: ಕಡಿದಾದ ಹುಲ್ಲುಬೆಟ್ಟ, ಜಾರುವ ಪುಡಿಗಲ್ಲು.

ನೋಟದ ವಿಚಾರಕ್ಕೆ ಬಂದರೆ ಇದಕ್ಕೆ ಸಾಟಿಯಿಲ್ಲ. ಸುತ್ತ ನಾಲ್ಕೂ ಕಡೆ ತೆರೆದಿದೆ, ಹಾಗಾಗಿ ಸೂರ್ಯ ಯಾವ ತಿಂಗಳಲ್ಲಿ ಎಲ್ಲಿ ಇಳಿದರೂ ಕಾಣುತ್ತಾನೆ. ಚಳಿಗಾಲದಲ್ಲಿ ನೈಋತ್ಯಕ್ಕೆ ಕುದುರೆಮುಖದ ಸಾಲಿನ ಕಡೆ ಇಳಿಯುತ್ತಾನೆ, ಒಂದರ ಹಿಂದೊಂದು ನೀಲಿ ಬೆಟ್ಟದ ಅಂಚು ಆಗ ಸ್ಪಷ್ಟ. ಲೆಕ್ಕದ ಪ್ರಕಾರ ಈ ಎತ್ತರದಿಂದ ದಿಗಂತ 160 ಕಿಲೋಮೀಟರಿಗೂ ದೂರ, ಕರಾವಳಿ ನೂರರ ಆಸುಪಾಸಿನಲ್ಲಿ. ಆದರೂ ಸಮುದ್ರದಲ್ಲಿ ಸೂರ್ಯ ಮುಳುಗುವುದು ಕಾಣುವ ದಿನಗಳು ಅಪರೂಪ. ಕರಾವಳಿಯ ಮೇಲಿನ ತೇವದ ಮುಸುಕು ಬಿಂಬವನ್ನು ದಿಗಂತಕ್ಕಿಂತ ಒಂದೆರಡು ಡಿಗ್ರಿ ಮೇಲೆಯೇ ನುಂಗಿಬಿಡುತ್ತದೆ. ಗಡಿಯಾರದ ಸಮಯಕ್ಕಿಂತ ಹತ್ತು ನಿಮಿಷ ಮುಂಚೆಯೇ ಸೂರ್ಯ ಕಾಣೆಯಾದರೆ ಇದೇ ಕಾರಣ ಎಂದು ತಿಳಿಯಿರಿ.

ತೊಡಕು ಇರುವುದು ಸಮಯದಲ್ಲಿ. ಈ ಸಾಲಿಗೆ ಹೋಗುವ ಪ್ರವಾಸಿ ವಾಹನಗಳು ಆನ್‌ಲೈನ್‌ನಲ್ಲಿ ಮೊದಲೇ ನೋಂದಾಯಿಸಿಕೊಳ್ಳಬೇಕು. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ 1ರಿಂದ ಸಂಜೆ 6ರವರೆಗೆ ಇನ್ನೊಂದು, ಪ್ರತಿ ಪಾಳಿಗೂ ಇಂತಿಷ್ಟೇ ವಾಹನ. ಮೇಲಿನ ಗಡಿಯಾರದ ಜೊತೆ ಇದನ್ನು ಇಟ್ಟು ನೋಡಿ: 6ಕ್ಕೆ ಪಾಳಿ ಮುಗಿಯುವುದಾದರೆ ಸೂರ್ಯಾಸ್ತ ಅದರ ಹತ್ತಿರ ಬರುವುದು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಮಾತ್ರ. ಮಾರ್ಚ್–ಏಪ್ರಿಲ್‌ನಲ್ಲಿ ನಡುವೆ ಮುಕ್ಕಾಲು ಗಂಟೆಯ ಅಂತರ. ಆ 6 ಗಂಟೆ ಎನ್ನುವುದು ಮೇಲಿಂದ ಹೊರಡುವ ಹೊತ್ತೇ, ಚೆಕ್‌ಪೋಸ್ಟ್ ದಾಟುವ ಹೊತ್ತೇ ಎಂದು ಹತ್ತುವಾಗಲೇ ಕೈಮರದಲ್ಲಿ ಕೇಳಿಕೊಳ್ಳಿ. ನಿಯಮ ಆಗಾಗ ಬದಲಾಗುತ್ತದೆ, ಮಳೆಯಲ್ಲಿ ಗುಡ್ಡ ಕುಸಿದರೆ ದಾರಿಯೇ ಬಂದ್ ಆಗುತ್ತದೆ. ಹೊರಡುವ ಹಿಂದಿನ ದಿನ ನೋಂದಣಿಯ ಪುಟದಲ್ಲಿ ಏನಿದೆಯೋ ಅದೇ ಅಂತಿಮ.

ವಾರಾಂತ್ಯದಲ್ಲಿ ಇನ್ನೊಂದು ಪೆಟ್ಟು. ಸೀತಾಳಯ್ಯನಗಿರಿಯಿಂದ ಮುಂದಿನ ರಸ್ತೆ ಕಿರಿದು, ಎದುರಿಂದ ಕಾರು ಬಂದರೆ ಯಾರಾದರೂ ಹಿಂದಕ್ಕೆ ಹೋಗಲೇಬೇಕು. ಜನ ಹೆಚ್ಚಾದ ದಿನ ವಾಹನಗಳನ್ನು ಅಲ್ಲೇ ನಿಲ್ಲಿಸುತ್ತಾರೆ, ಉಳಿದದ್ದು ಜೀಪಿನಲ್ಲಿ ಅಥವಾ ನಡೆದು. ಐದು ಗಂಟೆಗೆ ಸೀತಾಳಯ್ಯನಗಿರಿ ತಲುಪಿ ಸಾಲು ಕಂಡರೆ ಮುಂದೆ ಹೋಗುವ ಆಸೆ ಬಿಡುವುದೇ ಜಾಣತನ. ಅಲ್ಲಿನ ಮಲ್ಲಿಕಾರ್ಜುನ ದೇವಸ್ಥಾನದ ಪಕ್ಕದ ಹುಲ್ಲುದಿಣ್ಣೆಯಿಂದಲೂ ಪಶ್ಚಿಮ ಚೆನ್ನಾಗಿ ಕಾಣುತ್ತದೆ, 500 ಮೆಟ್ಟಿಲು ಹತ್ತುವ ಶ್ರಮವೂ ಉಳಿಯುತ್ತದೆ. ಅಜ್ಜ ಅಜ್ಜಿಯರ ಜೊತೆ ಬಂದವರಿಗೆ ನಾವು ಮೊದಲೇ ಹೇಳುವುದು ಸೀತಾಳಯ್ಯನಗಿರಿಯನ್ನೇ.

ದತ್ತಪೀಠದ ಕಡೆ ಇನ್ನೂ ದೂರ. ಅಲ್ಲಿಂದ ಮಾಣಿಕ್ಯಧಾರಾಕ್ಕೆ, ಗಾಳಿಕೆರೆಗೆ ಹೋಗಿ ಸೂರ್ಯಾಸ್ತಕ್ಕೆ ಮತ್ತೆ ಮುಳ್ಳಯ್ಯನಗಿರಿಗೆ ಬರುತ್ತೇವೆ ಎಂದು ಒಂದೇ ಮಧ್ಯಾಹ್ನದಲ್ಲಿ ಯೋಜನೆ ಹಾಕುವವರು ಕೊನೆಗೆ ಬಿಂಬವನ್ನು ಕಾರಿನ ಕಿಟಕಿಯಿಂದ ನೋಡುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ರಾತ್ರಿ ಅಲ್ಲೇ ಉಳಿಯುವುದಾದರೆ ಕೆಮ್ಮಣ್ಣುಗುಂಡಿ

ಗೇಟಿನ ಗಡಿಬಿಡಿ ಇಲ್ಲದೆ, ಕತ್ತಲಲ್ಲಿ ಘಾಟಿ ಇಳಿಯದೆ ನೋಡಬೇಕೆಂದರೆ ನಮ್ಮ ಮೊದಲ ಆಯ್ಕೆ ಇದು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ಉಳಿಯುತ್ತಿದ್ದ ಜಾಗ, ಈಗ ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ. ಇಲಾಖೆಯ ಕೊಠಡಿ ಮೇಲೆಯೇ ಸಿಗುತ್ತದೆ, ರಜೆಯ ದಿನಕ್ಕೆ ಬಹಳ ಮುಂಚೆ ಕಾಯ್ದಿರಿಸಬೇಕು. ರಾಜಭವನದ ಮುಂದಿನ ಜಗಲಿಯಂಥ ಜಾಗದಿಂದ ಸೂರ್ಯಾಸ್ತ ನೋಡಿ, ಐದು ನಿಮಿಷ ನಡೆದು ಕೋಣೆ ಸೇರಿಕೊಳ್ಳುವ ಸುಖ ಈ ಎರಡೂ ಜಿಲ್ಲೆಗಳಲ್ಲಿ ಬೇರೆಲ್ಲೂ ಇಷ್ಟು ಸಲೀಸಾಗಿಲ್ಲ.

ಅಲ್ಲಿಂದ ಜೆಡ್ ಪಾಯಿಂಟ್‌ಗೆ ಸುಮಾರು ಮುಕ್ಕಾಲು ಗಂಟೆ ನಡಿಗೆ, ದಾರಿಯಲ್ಲಿ ಶಾಂತಿ ಜಲಪಾತ. ಕೊನೆಯ ಭಾಗ ಬೆಟ್ಟದ ಏಣಿನ ಮೇಲಿನ ಕಿರುದಾರಿ, ಪಕ್ಕದಲ್ಲಿ ಆಳ. ಅದನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ. ಸೂರ್ಯೋದಯಕ್ಕೆ ಹೋದರೆ ಕತ್ತಲಲ್ಲಿ ಹತ್ತಿ ಬೆಳಕಲ್ಲಿ ಇಳಿಯುತ್ತೀರಿ, ಸೂರ್ಯಾಸ್ತಕ್ಕೆ ಹೋದರೆ ತಿರುಗುಮುರುಗು, ಮತ್ತು ಕಾಲು ಜಾರುವುದು ಯಾವಾಗಲೂ ಇಳಿಯುವಾಗಲೇ. ಲಿಂಗದಹಳ್ಳಿ–ಕಲ್ಲತ್ತಿ ಕಡೆಯ ರಸ್ತೆಯಲ್ಲೇ ಬನ್ನಿ. ಅತ್ತಿಗುಂಡಿ ಕಡೆಯಿಂದ ನಕ್ಷೆ ತೋರಿಸುವ ಹತ್ತಿರದ ದಾರಿ ಒರಟು, ಸಣ್ಣ ಕಾರಿನ ತಳಕ್ಕೆ ಒಳ್ಳೆಯದಲ್ಲ.

ಮೂಡಿಗೆರೆ, ಕಳಸದ ಕಡೆ

ದೇವರಮನೆ ಗುಡ್ಡಕ್ಕೆ ವಾಹನ ಬಹುತೇಕ ಮೇಲಿನವರೆಗೂ ಹೋಗುತ್ತದೆ. ಕಾಲಭೈರವೇಶ್ವರ ದೇವಸ್ಥಾನದಿಂದ ಸ್ವಲ್ಪ ನಡೆದರೆ ಘಟ್ಟದ ಅಂಚು. ಪಶ್ಚಿಮಕ್ಕೆ ಇನ್ನು ದೊಡ್ಡ ಬೆಟ್ಟವಿಲ್ಲದೆ ನೆಲ ಕರಾವಳಿಗೆ ಇಳಿಯುವುದರಿಂದ ಬೆಳಕು ಕೊನೆಯವರೆಗೂ ಸಿಗುತ್ತದೆ. ಆದರೆ ಅದೇ ಕಾರಣಕ್ಕೆ ಮೋಡ ಮೊದಲು ಬಂದು ಬಡಿಯುವುದೂ ಇಲ್ಲಿಗೇ. ಕಡಲ ಕಡೆಯ ತೇವದ ಗಾಳಿ ಘಟ್ಟ ಹತ್ತುತ್ತಾ ತಣಿದು ಅಂಚಿನಲ್ಲೇ ಮಂಜಾಗುತ್ತದೆ. ನಾಲ್ಕೂವರೆಗೆ ತಿಳಿಯಾಗಿದ್ದ ಗುಡ್ಡ ಐದೂವರೆಗೆ ಪೂರ್ತಿ ಬೆಳ್ಳಗಾಗಬಹುದು, ಮತ್ತೆ ಹತ್ತು ನಿಮಿಷದಲ್ಲಿ ತೆರೆಯಲೂಬಹುದು. ಇಲ್ಲಿಗೆ ಬರುವವರಿಗೆ ತಾಳ್ಮೆ ಬೇಕು. ಮಂಜು ಮುತ್ತಿದಾಗ ಅಂಚಿನ ಹತ್ತಿರ ಓಡಾಡಬೇಡಿ, ಕುಳಿತ ಜಾಗದಲ್ಲೇ ಇರಿ.

ಹೊರನಾಡಿನ ಹತ್ತಿರದ ಕ್ಯಾತನಮಕ್ಕಿಗೆ ಜೀಪ್ ಬಿಟ್ಟು ಬೇರೆ ವಾಹನ ಹತ್ತುವುದಿಲ್ಲ. ಹೊರನಾಡಿನಲ್ಲೇ ಜೀಪ್ ಸಿಗುತ್ತದೆ. ಬಾಡಿಗೆ ಮಾತಾಡುವಾಗ ಹಣದ ಜೊತೆ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎನ್ನುವುದನ್ನೂ ಮಾತಾಡಿ, ‘ಹೊತ್ತು ಮುಳುಗಿ ಹದಿನೈದು ನಿಮಿಷ ಆದಮೇಲೆ ಇಳಿಯೋಣ’ ಎಂದು ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಮುಂದಿನ ಬಾಡಿಗೆಯ ಅವಸರದಲ್ಲಿ ಬೇಗ ಇಳಿಸಿಬಿಡುತ್ತಾರೆ. ಕುದುರೆಮುಖದ ಹಸಿರು ಮಡಿಕೆಗಳ ನಡುವೆ ಸೂರ್ಯ ಇಳಿಯುವ ನೋಟ ಆ ಕುಲುಕಾಟಕ್ಕೆ ತಕ್ಕ ಬೆಲೆ ಕೊಡುತ್ತದೆ. ಬೆನ್ನುನೋವಿನವರು, ಗರ್ಭಿಣಿಯರು ಹೋಗಬಾರದು.

ರಾಣಿಝರಿ, ಬಲ್ಲಾಳರಾಯನ ದುರ್ಗ, ಎತ್ತಿನಭುಜ ಎಲ್ಲ ಪಟ್ಟಿಗಳಲ್ಲೂ ಇರುತ್ತವೆ. ಇವು ಹಗಲಿನ ಚಾರಣದ ಜಾಗಗಳು, ಅರಣ್ಯ ಇಲಾಖೆಯ ಅನುಮತಿ ಬೇಕು, ಸಂಜೆಯೊಳಗೆ ಕೆಳಗಿರಬೇಕು. ಸೂರ್ಯಾಸ್ತದ ಪಟ್ಟಿಯಿಂದ ಇವನ್ನು ತೆಗೆದುಹಾಕಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ನೋಡುವುದಂತೂ ಬೇಡವೇ ಬೇಡ. ಹೆದ್ದಾರಿಯಲ್ಲಿ ಲಾರಿ, ಬಸ್ಸಿನವರಿಗೆ ಆ ಹೊತ್ತಿನಲ್ಲಿ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಿರುತ್ತಾನೆ, ನಿಂತ ನೀವು ಅವರಿಗೆ ಕಾಣುವುದಿಲ್ಲ.

ಹಾಸನ ಜಿಲ್ಲೆಯಲ್ಲಿ

ಬಿಸಿಲೆಯ ವೀಕ್ಷಣಾ ಸ್ಥಳದ ಮುಖ ದಕ್ಷಿಣಕ್ಕಿದೆ. ಎದುರಿಗೆ 1,712 ಮೀಟರಿನ ಕುಮಾರಪರ್ವತ, ನಡುವೆ ದಟ್ಟ ಕಾಡಿನ ಕಣಿವೆ. ಇಲ್ಲಿ ಬಿಂಬ ಮುಳುಗುವುದನ್ನು ನೋಡಲು ಹೋದರೆ ಬಹಳ ತಿಂಗಳುಗಳಲ್ಲಿ ನಿರಾಸೆ. ನೋಡಬೇಕಾದದ್ದು ಓರೆ ಬೆಳಕು ಎದುರಿನ ಬೆಟ್ಟಗಳ ಏಣುಗಳನ್ನು ಎತ್ತಿ ತೋರಿಸುವುದನ್ನು, ಅದು 4:30ರಿಂದ 5:30ರ ನಡುವೆ. ಅಷ್ಟು ನೋಡಿ ಹೊರಟುಬಿಡಿ, ಏಕೆಂದರೆ ಇದು ಆನೆಗಳ ಕಾಡು. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಸಂಜೆಯ ಮೇಲೆ ಕಾಫಿ ತೋಟದ ರಸ್ತೆಗಳಿಗೂ ಆನೆ ಬರುತ್ತದೆ. ಬೈಕಿನಲ್ಲಿ ಮುಸ್ಸಂಜೆ ಬಿಸಿಲೆ ದಾರಿಯಲ್ಲಿ ಇರುವುದು ಧೈರ್ಯದ ಪ್ರಶ್ನೆಯೇ ಅಲ್ಲ, ಮಾಡಬಾರದ ಕೆಲಸ.

ಬೆಟ್ಟದ ಬೈರವೇಶ್ವರ ದೇವಸ್ಥಾನ, ಪಾಂಡವರ ಗುಡ್ಡದ ಕಡೆ ಪಶ್ಚಿಮ ಚೆನ್ನಾಗಿ ತೆರೆದಿದೆ, ನಡಿಗೆಯೂ ಕಡಿಮೆ. ಸಕಲೇಶಪುರದಲ್ಲಿ ಉಳಿಯುವವರಿಗೆ ಸೂರ್ಯಾಸ್ತಕ್ಕೆ ಇದೇ ಸರಿ. ಒಳರಸ್ತೆ ಇರುವುದರಿಂದ ಹೋಗುವಾಗಲೇ ಕವಲುಗಳನ್ನು ಗುರುತಿಟ್ಟುಕೊಳ್ಳಿ, ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ. ಮುಸ್ಸಂಜೆ ವಾಪಸು ಬರುವಾಗ ಆನೆ ಓಡಾಟ ಇದೆಯೇ ಎಂದು ಊರವರನ್ನು ಕೇಳದೆ ಹೊರಡಬೇಡಿ. ಮಂಜರಾಬಾದ್ ಕೋಟೆ ಹೆದ್ದಾರಿಯ ಪಕ್ಕದಲ್ಲೇ, ದೋಣಿಗಾಲ್ ಹತ್ತಿರ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಸಂಜೆ ಬಾಗಿಲು ಹಾಕುವುದರಿಂದ ಇಳಿಬಿಸಿಲಿಗೆ ಮಾತ್ರ.

ಮಲೆನಾಡು ಮಂಜಿನಲ್ಲಿ ಮುಳುಗಿರುವ ಜುಲೈ–ಆಗಸ್ಟ್‌ನಲ್ಲಿ ಯಾರಾದರೂ ಕೇಳಿದರೆ ನಾವು ಶ್ರವಣಬೆಳಗೊಳ ಎನ್ನುತ್ತೇವೆ. ಜಿಲ್ಲೆಯ ಪೂರ್ವದ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಮೋಡ ಒಡೆದು ಬಿಸಿಲು ಬೀಳುವ ಸಂಜೆಗಳು ಹೆಚ್ಚು. ವಿಂಧ್ಯಗಿರಿಯ ಮೆಟ್ಟಿಲು ಆರುನೂರಕ್ಕೂ ಹೆಚ್ಚು, ಬರಿಗಾಲಲ್ಲಿ ಹತ್ತಬೇಕು. ಮಧ್ಯಾಹ್ನ ಸುಡುವ ಬಂಡೆ ಸಂಜೆಗೆ ಹಿತವಾಗುತ್ತದೆ. 58 ಅಡಿಯ ಗೊಮ್ಮಟ ಉತ್ತರಕ್ಕೆ ಮುಖಮಾಡಿರುವುದರಿಂದ ಸಂಜೆಯ ಬೆಳಕು ಅವನ ಎಡಗಡೆಗೆ ಬೀಳುತ್ತದೆ. ಇಲ್ಲೂ ಮುಚ್ಚುವ ಹೊತ್ತು ಉಂಟು, ಹತ್ತುವ ಮೊದಲು ಕೆಳಗೆ ಕೇಳಿ. ಮಳೆ ಹನಿದಿದ್ದರೆ ನುಣುಪು ಬಂಡೆ ಜಾರುತ್ತದೆ, ಕಂಬಿ ಹಿಡಿದೇ ಇಳಿಯಿರಿ.

ಬೆಟ್ಟವೇ ಬೇಡವೆನ್ನುವವರಿಗೆ

ಹಿರೇಕೊಳಲೆ ಕೆರೆ ಚಿಕ್ಕಮಗಳೂರಿನಿಂದ ಸುಮಾರು 10 ಕಿಲೋಮೀಟರ್. ಎತ್ತರವಿಲ್ಲ, ದಿಗಂತವೂ ಇಲ್ಲ, ಗುಡ್ಡದ ಹಿಂದೆ ಸೂರ್ಯ ಬೇಗ ಇಳಿಯುತ್ತಾನೆ. ಆದರೆ ನೀರಿನಲ್ಲಿ ಬಣ್ಣ ಎರಡು ಪಟ್ಟಾಗುತ್ತದೆ, ಗಾಳಿ ನಿಂತ ಸಂಜೆ ಬೆಟ್ಟದ ನೆರಳು ಪೂರ್ತಿ ಕೆರೆಯಲ್ಲಿರುತ್ತದೆ. ಗಡಿಯಾರಕ್ಕಿಂತ ಅರ್ಧ ಗಂಟೆ ಮುಂಚೆ ಬನ್ನಿ. ಗಾಲಿಕುರ್ಚಿಯವರು, ಎದೆಯ ತೊಂದರೆಯವರು, ಕೂಸು ಇರುವವರು ಮೊದಲು ಯೋಚಿಸಬೇಕಾದ ಜಾಗ ಇದು. ಮುಳ್ಳಯ್ಯನಗಿರಿಯ ಪಾಳಿ ಸಿಗದವರಿಗೂ ಇದೇ ಆಸರೆ.

ತಿಂಗಳು ಮತ್ತು ಆಕಾಶ

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ. ಮಳೆ ತೊಳೆದ ಗಾಳಿ, ಹಸಿರು ಹುಲ್ಲು, ದೂರದ ಸಾಲುಗಳೂ ಕಾಣುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದ ವಾರ ಮಾತ್ರ ಬಿಟ್ಟುಬಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹುಲ್ಲು ಒಣಗಿ, ಧೂಳು ಮತ್ತು ಕಾಡ್ಗಿಚ್ಚಿನ ಹೊಗೆಯಿಂದ ಆಕಾಶ ಮಬ್ಬು. ಬಿಂಬ ಕೆಂಪು ಬಿಲ್ಲೆಯಾಗಿ ಮೇಲೆಯೇ ಕರಗುತ್ತದೆ. ಆ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು, ಗುಡ್ಡವೇ ಹೊತ್ತಿಕೊಳ್ಳುತ್ತದೆ, ಶೋಲಾ ಕಾಡಿನ ಅಂಚು ಮತ್ತೆ ಬೆಳೆಯಲು ವರ್ಷಗಳು ಬೇಕು. ಬೆಂಕಿಪೊಟ್ಟಣವನ್ನು ಕಾರಿನಲ್ಲೇ ಬಿಟ್ಟು ಬನ್ನಿ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಗುಡುಗು ಮಳೆ ಬಂದು ಹೋದ ಸಂಜೆ ವರ್ಷದ ಅತ್ಯುತ್ತಮ ಬಣ್ಣಗಳನ್ನು ಕೊಡಬಹುದು. ಆದರೆ ಬೋಳು ನೆತ್ತಿಯ ಮೇಲೆ ಅತಿ ಎತ್ತರದ ವಸ್ತು ನೀವೇ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ. ಆಗಲೇ ಇಳಿದು ಕಾರು ಸೇರಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಒಳಗೇ ಇರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ನೆತ್ತಿಗಳಲ್ಲಿ ಸೂರ್ಯಾಸ್ತ ನಂಬಿಕೊಂಡು ಬರಬೇಡಿ, ಜೊತೆಗೆ ಉಂಬಳದ (ಜಿಗಣೆಯ) ಕಾಟ.

ಆ ದಿನದ ತೀರ್ಮಾನವನ್ನು ಮೂರೂವರೆ ಗಂಟೆಗೆ ಊರಿನಿಂದಲೇ ಮಾಡಬಹುದು. ಚಿಕ್ಕಮಗಳೂರಿನಿಂದ ಬೆಟ್ಟದ ಸಾಲು ನೋಡಿ: ನೆತ್ತಿ ಮೋಡದೊಳಗಿದ್ದು ಕೆಳಗಿನ ಇಳಿಜಾರು ಸ್ಪಷ್ಟವಿದ್ದರೆ, ಮೇಲೆ ಹೋದವರಿಗೆ ಬಿಳಿ ಗೋಡೆಯೇ ಗತಿ, ಹಿರೇಕೊಳಲೆಯಂಥ ತಗ್ಗಿನ ಜಾಗವೇ ಮೇಲು. ಎತ್ತರದಲ್ಲಿ ಹತ್ತಿ ಎಳೆದಂಥ ತೆಳು ಮೋಡ ಇದ್ದರೆ ಬಿಡದೆ ಹೋಗಿ, ಬಿಂಬ ಮುಳುಗಿದ ಹತ್ತು ಹದಿನೈದು ನಿಮಿಷಕ್ಕೆ ಅದು ಕೆಳಗಿನಿಂದ ಹೊತ್ತಿಕೊಳ್ಳುತ್ತದೆ. ಬಿಂಬ ಹೋದ ತಕ್ಷಣ ಎದ್ದು ಹೊರಡುವವರು ಆ ಬಣ್ಣವನ್ನು ಕಳೆದುಕೊಳ್ಳುತ್ತಾರೆ. ಪಶ್ಚಿಮದ ಅಂಚಿನಲ್ಲಿ ದಪ್ಪ ಕರಿ ಮೋಡ ಕುಳಿತಿದ್ದರೆ ಮಾತ್ರ ಏನೂ ಸಿಗುವುದಿಲ್ಲ. ಹುಣ್ಣಿಮೆಯ ದಿನ ಪೂರ್ವವೂ ತೆರೆದಿರುವ ನೆತ್ತಿಯನ್ನು ಆರಿಸಿಕೊಳ್ಳಿ, ಸೂರ್ಯ ಇಳಿಯುವ ಹೊತ್ತಿಗೇ ಎದುರಿನಿಂದ ಚಂದ್ರ ಏಳುತ್ತಾನೆ.

ಇಳಿಯುವ ಸಿದ್ಧತೆ

ಚಿಕ್ಕಮಗಳೂರು ಪೇಟೆಯೇ 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತುದಿ ಅದಕ್ಕಿಂತ 840 ಮೀಟರ್ ಮೇಲೆ, ಅಂದರೆ ಸುಮಾರು 5 ಡಿಗ್ರಿ ಹೆಚ್ಚು ತಂಪು. ಚಳಿ ನಿಜವಾಗಿ ಕಚ್ಚುವುದು ಗಾಳಿಯಿಂದ. ಉಣ್ಣೆಯ ಸ್ವೆಟರ್ ಒಂದೇ ಇದ್ದರೆ ಗಾಳಿ ತೂರಿಬರುತ್ತದೆ, ಮೇಲೊಂದು ಜರ್ಕಿನ್ ಬೇಕು. ಹತ್ತುವಾಗ ಬೆವರಿದ ಬಟ್ಟೆಯಲ್ಲೇ ಕುಳಿತರೆ ನಡುಕ ಬೇಗ ಹಿಡಿಯುತ್ತದೆ, ಮೇಲೆ ಹೋಗಿ ಮೊದಲು ಅದನ್ನು ಬದಲಿಸಿ. ತಲೆಗೆ ಕಟ್ಟುವ ಟಾರ್ಚ್ ಒಬ್ಬರಿಗೊಂದು ಇರಲಿ. ಮೊಬೈಲ್ ಬೆಳಕನ್ನು ನಂಬಬೇಡಿ, ಚಳಿಯಲ್ಲಿ ಫೋಟೊ ತೆಗೆದು ತೆಗೆದು ಬ್ಯಾಟರಿ ಇಳಿಯುವ ಹೊತ್ತಿಗೇ ಅದು ಬೇಕಾಗುತ್ತದೆ.

ಮೇಲೆ ತಲುಪಿದ ಕೂಡಲೇ, ಬೆಳಕಿರುವಾಗಲೇ, ಕಾರನ್ನು ಇಳಿಯುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ಇಳಿಯುವಾಗ ಒಂದು ಅಥವಾ ಎರಡನೇ ಗೇರ್, ನ್ಯೂಟ್ರಲ್ ಎಂದಿಗೂ ಬೇಡ. ಬ್ರೇಕ್ ಒತ್ತಿಹಿಡಿದೇ ಇಳಿದರೆ ಪ್ಯಾಡ್ ಕಾಯ್ದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಾಲದು. ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಆರಲು ಬಿಡಿ. ಬಿಸಿ ಚಕ್ರಕ್ಕೆ ನೀರು ಸುರಿಯಬೇಡಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ವಾಪಸಾಗುತ್ತದೆ, ಲೋ ಬೀಮ್‌ನಲ್ಲಿ ರಸ್ತೆಯ ಅಂಚು ನೋಡಿಕೊಂಡು ಬನ್ನಿ. ಹಿಮ್ಮುರಿ ತಿರುವಿಗೆ ಮುಂಚೆ ಒಮ್ಮೆ ಹಾರ್ನ್ ಮಾಡಿ, ಹತ್ತುವ ವಾಹನಕ್ಕೆ ದಾರಿ ಬಿಡಿ: ಏರಿನಲ್ಲಿ ನಿಂತ ವಾಹನವನ್ನು ಮತ್ತೆ ಎಳೆಯುವುದು ಕಷ್ಟ, ಇಳಿಯುವವರು ಒಂದು ನಿಮಿಷ ನಿಂತರೆ ನಷ್ಟವೇನೂ ಇಲ್ಲ.